ಗವಿಯಲ್ಲಿ ಕಂಡ ಮೂಳೆ, ಅಟ್ಟದಲ್ಲಿಟ್ಟ ಬುರುಡೆ: ಯಾರಿಗೆ ಹೇಳಬೇಕು, ಹೇಗೆ ಒಪ್ಪಿಸಬೇಕು

ಓದುಗರಿಂದ ಪದೇ ಪದೇ ಬರುವ ಪ್ರಶ್ನೆಗಳಲ್ಲಿ ಇದೂ ಒಂದು, ಮತ್ತು ಇದು ಎರಡು ರೂಪದಲ್ಲಿ ಬರುತ್ತದೆ. ಚಾರಣಕ್ಕೆ ಹೋದವರು ಕೇಳುವುದು: "ಗವಿಯೊಳಗೆ ಮನುಷ್ಯರದ್ದೇ ಅನ್ನಿಸುವ ಮೂಳೆ ಕಂಡಿತು, ಯಾರಿಗೆ ಹೇಳಲಿ?" ಇನ್ನೊಂದು ತುಸು ಅಳುಕಿನಿಂದ ಬರುವ ಪ್ರಶ್ನೆ: "ನಮ್ಮಜ್ಜ ಎಂದೋ ಬೆಟ್ಟದ ಗವಿಯಿಂದ ತಂದ ಬುರುಡೆ ಅಟ್ಟದ ಪೆಟ್ಟಿಗೆಯಲ್ಲಿದೆ. ಈಗ ಹೇಳಿದರೆ ನಮ್ಮ ಮೇಲೇ ಕೇಸಾಗುತ್ತದಾ? ಸುಮ್ಮನೆ ಹೊಳೆಗೆ ಬಿಟ್ಟುಬಿಡಲಾ?"

ಹೊಳೆಗೆ ಬಿಡಬೇಡಿ. ಕೆಳಗಿನದನ್ನೆಲ್ಲ ಓದಲು ಪುರುಸೊತ್ತಿಲ್ಲದವರು ಇದೊಂದನ್ನಾದರೂ ನೆನಪಿಟ್ಟುಕೊಳ್ಳಿ.

ಕಾರಣವಿಷ್ಟೇ. ಗುರುತು ಸಿಗದ ಮೂಳೆಯ ಅರ್ಧ ಕಥೆ ಮೂಳೆಯಲ್ಲಿದೆ, ಇನ್ನರ್ಧ ಅದು ಬಿದ್ದಿದ್ದ ಜಾಗದಲ್ಲಿದೆ. ಜಾಗದಿಂದ ಎತ್ತಿದ ಮೇಲೆ ಆ ಉಳಿದರ್ಧ ಎತ್ತಿದವರ ನೆನಪಿನಲ್ಲಿ ಮಾತ್ರ ಇರುತ್ತದೆ. ಆ ನೆನಪೂ ಹೋದರೆ ಉಳಿಯುವುದು ಬರೀ ಮೂಳೆ. ಅಮೆರಿಕದ ವಯೋಮಿಂಗ್ ರಾಜ್ಯದ ಸ್ಯಾನ್ ಪೆಡ್ರೊ ಬೆಟ್ಟಗಳಲ್ಲಿ 1930ರ ದಶಕದಲ್ಲಿ ಚಿನ್ನ ಹುಡುಕುವವರಿಗೆ ಪುಟ್ಟ ಗುಹೆಯೊಂದರಲ್ಲಿ ಕುಳಿತ ಭಂಗಿಯ, ಗೇಣಿಗೂ ಕಡಿಮೆ ಎತ್ತರದ ಒಣಗಿದ ದೇಹ ಸಿಕ್ಕಿತು. ಅದು ಖಾಸಗಿಯವರ ಕೈಯಿಂದ ಕೈಗೆ ದಾಟಿ, ಕ್ಯಾಸ್ಪರ್ ಊರಿನ ವ್ಯಾಪಾರಿಯೊಬ್ಬರ ಬಳಿ ಪ್ರದರ್ಶನದ ವಸ್ತುವಾಗಿ ಉಳಿದು, 1950ರ ಸುಮಾರಿಗೆ ಕಣ್ಮರೆಯಾಯಿತು. "ಕುಬ್ಜರ ಕುಲವೊಂದಿತ್ತು" ಎಂಬ ಕಥೆಗಳು ಇಂದಿಗೂ ಓಡುತ್ತಿವೆ. ಉಳಿದಿದ್ದ ಎಕ್ಸ್-ರೇ ನೋಡಿದ ಮಾನವಶಾಸ್ತ್ರಜ್ಞ ಜಾರ್ಜ್ ಗಿಲ್, ಮೆದುಳು ಬೆಳೆಯದೆ ಹುಟ್ಟಿದ ಶಿಶುವಿನ ದೇಹವದು ಎಂಬ ಅಭಿಪ್ರಾಯಕ್ಕೆ ಬಂದರು. ಆದರೆ ದೇಹವೇ ಇಲ್ಲದ ಮೇಲೆ ಪರೀಕ್ಷಿಸುವುದೇನನ್ನು? ಯಾವುದೋ ತಾಯಿ ಗವಿಯಲ್ಲಿ ಕೂರಿಸಿ ಕಳಿಸಿಕೊಟ್ಟಿದ್ದ ಕೂಸು ಹೀಗೆ ಸಂತೆಯ ಸರಕಾಗಿ ಕಳೆದುಹೋಯಿತು.

ಅದೇ ದೇಶದ ಐಡಾಹೊ ರಾಜ್ಯದಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯಿತು. 1979ರಲ್ಲಿ ಬಫಲೋ ಕೇವ್ ಎಂಬ ಗುಹೆಯಲ್ಲಿ ಹಳೆಯ ಬಾಣದ ಮೊನೆ ಹುಡುಕುತ್ತಿದ್ದ ಕುಟುಂಬಕ್ಕೆ ಗೋಣಿಯಲ್ಲಿ ಸುತ್ತಿದ ರುಂಡವಿಲ್ಲದ ದೇಹ ಕಂಡಿತು. ಅವರು ಅಧಿಕಾರಿಗಳಿಗೆ ತಿಳಿಸಿದರು. 1991ರಲ್ಲಿ ಅದೇ ಗುಹೆಯಲ್ಲಿ ಒಂದು ಕೈ, ಮುಂದಿನ ಅಗೆತದಲ್ಲಿ ಕಾಲುಗಳು ಸಿಕ್ಕವು. ಸತ್ತು ಕೆಲವೇ ವರ್ಷಗಳಾಗಿರಬಹುದೆಂಬುದು ಮೊದಲ ಅಂದಾಜು. 2019ರ ಕೊನೆಯಲ್ಲಿ ಡಿಎನ್‌ಎ ಮತ್ತು ವಂಶಾವಳಿ ಹೊಂದಿಸಿ ನೋಡಿದಾಗ ಗೊತ್ತಾಯಿತು, ಆತ ಸತ್ತದ್ದು 1916ರಲ್ಲಿ! ಒಣ, ತಂಪು ಗವಿ ದೇಹವನ್ನು ಅಷ್ಟು ಚೆನ್ನಾಗಿ ಕಾಪಾಡಿತ್ತು. ಆತನ ಮೊಮ್ಮಗ ಆಗಿನ್ನೂ ಬದುಕಿದ್ದರು. ಆ ಕುಟುಂಬ 1979ರಲ್ಲಿ ಸುಮ್ಮನಿದ್ದಿದ್ದರೆ ಇದಾವುದೂ ಆಗುತ್ತಿರಲಿಲ್ಲ.

ಈಗ ಹಂತಗಳಿಗೆ ಬರೋಣ. 1ರಿಂದ 5 ಗವಿಯಲ್ಲಿ ಮೂಳೆ ಕಂಡವರಿಗೆ. ಈಗಾಗಲೇ ಮನೆಯಲ್ಲಿರುವವರು 6ಕ್ಕೆ ಹೋಗಬಹುದು, ಆದರೆ 2 ಮತ್ತು 4ನ್ನು ಓದಿಕೊಂಡೇ ಹೋಗಿ.

1. ನಿಂತುಬಿಡಿ, ಮುಟ್ಟಬೇಡಿ

ಮೂಳೆ ಕಂಡ ಕೂಡಲೇ ಕೈ ಮುಂದೆ ಹೋಗುತ್ತದೆ. ತಡೆಯಿರಿ. ತಿರುಗಿಸಿ ನೋಡುವುದು, ಮಣ್ಣು ಕೆದಕಿ "ಉಳಿದದ್ದೂ ಇದೆಯಾ" ಎಂದು ಹುಡುಕುವುದು, ಪೊಲೀಸರಿಗೆ ತೋರಿಸೋಣವೆಂದು ಒಂದು ತುಂಡನ್ನು ಬ್ಯಾಗಿಗೆ ಹಾಕಿಕೊಳ್ಳುವುದು, ಈ ಮೂರೂ ಕೂಡದು. ಕೊನೆಯದನ್ನು ಜನ ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ, ಹೆಚ್ಚು ಹಾಳಾಗುವುದೂ ಅದರಿಂದಲೇ. ಮೂಳೆ ಯಾವ ದಿಕ್ಕಿಗೆ ಮಲಗಿತ್ತು, ಮೇಲೆ ಎಷ್ಟು ಮಣ್ಣಿತ್ತು, ಪಕ್ಕದಲ್ಲಿ ಬಟ್ಟೆಯ ಗುಂಡಿಯೋ ಮಡಕೆಯ ಚೂರೋ ಇತ್ತೇ ಎಂಬುದರ ಮೇಲೆ ಇದು ಕೊಲೆಯೋ, ದಾರಿ ತಪ್ಪಿದವರ ಸಾವೋ, ಸಾವಿರಾರು ವರ್ಷ ಹಿಂದಿನ ಸಮಾಧಿಯೋ ಎಂಬ ತೀರ್ಮಾನ ನಿಂತಿರುತ್ತದೆ.

ನಿಮ್ಮ ಜೀವವೂ ಮುಖ್ಯ. ಬಾವಲಿ ಹಿಕ್ಕೆಯ ಧೂಳಿನಲ್ಲಿ ಹಿಸ್ಟೊಪ್ಲಾಸ್ಮೋಸಿಸ್ ಎಂಬ ಶ್ವಾಸಕೋಶದ ಶಿಲೀಂಧ್ರ ಸೋಂಕು ತರುವ ಕಣಗಳಿರಬಹುದು, ಮೂಗು-ಬಾಯಿ ಮುಚ್ಚಿಕೊಳ್ಳಿ. ಆಳದ ಗವಿಯಲ್ಲಿ ಉಸಿರು ಭಾರವಾದರೆ, ತಲೆ ನೋಯತೊಡಗಿದರೆ ಕೂಡಲೇ ಹೊರಬನ್ನಿ. ಹೆಜ್ಜೇನು, ಹಾವು, ಕರಡಿಗಳ ಬಗ್ಗೆ ನಮ್ಮೂರ ಬೆಟ್ಟ ಹತ್ತುವವರಿಗೆ ಹೊಸದಾಗಿ ಹೇಳಬೇಕಿಲ್ಲ.

2. ಮನುಷ್ಯರದ್ದೇ ಎಂದು ನೀವೇ ತೀರ್ಪು ಕೊಡಬೇಡಿ, ಅಲ್ಲ ಎಂದೂ ಕೊಡಬೇಡಿ

ಗವಿಯಲ್ಲಿ ಕಾಣುವ ಮೂಳೆಗಳಲ್ಲಿ ಬಹುಪಾಲು ಆಡು, ಕುರಿ, ದನಗಳವು. ಚಿರತೆ, ಕತ್ತೆಕಿರುಬ ಎಳೆದು ತಂದವು. ಮುಳ್ಳುಹಂದಿ ಹಲ್ಲು ಮಸೆಯಲು ಮೂಳೆ ಕಡಿಯುತ್ತದೆ. ಸಾಲಾಗಿ ಉಳಿ ಹೊಡೆದಂಥ ಗೀರುಗಳಿದ್ದರೆ ಅದು ಮಚ್ಚಿನ ಗಾಯವೇ ಆಗಬೇಕಿಲ್ಲ. ಕರಡಿಯ ಪಂಜದ ಮೂಳೆಗಳು ಮನುಷ್ಯನ ಕೈಯನ್ನು ಎಷ್ಟು ಹೋಲುತ್ತವೆಂದರೆ ಅನುಭವಿಗಳೂ ಒಮ್ಮೆ ಗಲಿಬಿಲಿಗೊಳ್ಳುತ್ತಾರೆ. ಮುಸುವದ ಬುರುಡೆ ಮಗುವಿನದ್ದೆಂದು ಗಾಬರಿ ಹುಟ್ಟಿಸಬಹುದು. ಇದರ ಉಲ್ಟಾ ತಪ್ಪು ಇನ್ನೂ ಕೆಟ್ಟದ್ದು. ಎಳೆಗೂಸಿನ ಮೂಳೆ ಸಣ್ಣ ಪ್ರಾಣಿಯದ್ದರಂತೆ ಕಾಣುವುದರಿಂದ "ಕೋಳಿಯದ್ದೋ ಏನೋ" ಎಂದು ಕಾಲಿನಿಂದ ಸರಿಸಿಬಿಡುತ್ತಾರೆ.

ಹಳೆಯದೋ ಹೊಸದೋ ಎಂಬುದೂ ಕಣ್ಣಳತೆಗೆ ಸಿಗುವುದಿಲ್ಲ. ವೇಲ್ಸ್‌ನ ಪ್ಯಾವಿಲ್ಯಾಂಡ್ ಗುಹೆಯಲ್ಲಿ 1823ರಲ್ಲಿ ಕೆಂಪು ಕಾವಿ ಮೆತ್ತಿದ ಅಸ್ಥಿಪಂಜರ ಸಿಕ್ಕಾಗ ಆಕ್ಸ್‌ಫರ್ಡ್‌ನ ಭೂವಿಜ್ಞಾನಿ ವಿಲಿಯಂ ಬಕ್‌ಲ್ಯಾಂಡ್ ಅದನ್ನು ರೋಮನ್ ಕಾಲದ ಹೆಂಗಸಿನದ್ದೆಂದರು. ಅದು ಗಂಡಸಿನದ್ದು, ಸುಮಾರು 33 ಸಾವಿರ ವರ್ಷ ಹಳೆಯದು. ಬಕ್‌ಲ್ಯಾಂಡ್ ದಡ್ಡರಾಗಿರಲಿಲ್ಲ, ಅವರ ಕಾಲಕ್ಕೆ ಅಳೆಯುವ ಉಪಾಯವಿರಲಿಲ್ಲ. ನಮ್ಮ ಬಳಿ ಉಪಾಯವಿದೆ, ಆದ್ದರಿಂದ ಊಹೆ ಬೇಡ.

ನಮ್ಮ ನೆಲದ ವಿಚಾರವಾಗಿ ಇಷ್ಟು ತಿಳಿದಿರಲಿ. ಸುಣ್ಣಕಲ್ಲಿನ ಗವಿ ಮೂಳೆಯನ್ನು ಉಳಿಸುತ್ತದೆ. ಪಕ್ಕದ ಆಂಧ್ರದ, ಹಿಂದೆ ಕರ್ನೂಲು ಜಿಲ್ಲೆಯಲ್ಲಿದ್ದು ಈಗ ನಂದ್ಯಾಲ ಜಿಲ್ಲೆಗೆ ಸೇರಿರುವ ಬಿಲ್ಲಸುರ್ಗಂ ಗವಿಗಳಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಅಗೆಸಿದಾಗ ಪ್ರಾಣಿಗಳ ಮೂಳೆ ರಾಶಿ ರಾಶಿ ಸಿಕ್ಕಿದ್ದು ಅದಕ್ಕೇ. ಕರಾವಳಿಯ ಜಂಬಿಟ್ಟಿಗೆ ನೆಲ ಆಮ್ಲೀಯ, ಅದು ಮೂಳೆಯನ್ನು ತಿಂದುಹಾಕುತ್ತದೆ. ಹಾಗಾಗಿ ಕಾಸರಗೋಡು, ದಕ್ಷಿಣ ಕನ್ನಡದ ಕಡೆ ಕಲ್ಲು ಕೊರೆದು ಮಾಡಿದ ಪ್ರಾಚೀನ ಸಮಾಧಿ-ಗುಹೆಗಳಲ್ಲಿ ಹೆಚ್ಚಾಗಿ ಮಡಕೆ, ಕಬ್ಬಿಣ ಮಾತ್ರ ಉಳಿದಿರುತ್ತವೆ. ಮೂಳೆಯ ಪಕ್ಕ ಒಳಗೆ ಕಪ್ಪು, ಹೊರಗೆ ಕೆಂಪಾದ ನುಣುಪು ಮಡಕೆಯ ಚೂರುಗಳಿದ್ದರೆ ಅದು ಬೃಹತ್ ಶಿಲಾಯುಗದ, ಎಂದರೆ ದೊಡ್ಡ ಬಂಡೆಗಳನ್ನು ನಿಲ್ಲಿಸಿ ಸಮಾಧಿ ಕಟ್ಟುತ್ತಿದ್ದ ಕಾಲದ್ದಿರಬಹುದು. ಹಿರೇಬೆಣಕಲ್ಲಿನ ಬೆಟ್ಟದ ಮೇಲಿರುವ ಕಲ್ಮನೆಗಳು ಅದೇ ಪರಂಪರೆಯವು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಅಗೆಸಿದಾಗ ಈ ಕಪ್ಪು-ಕೆಂಪು ಮಡಕೆಯ ಜೊತೆಗೇ ಸಮಾಧಿಗಳು ಸಿಕ್ಕಿದ್ದವು.

ಮೂಳೆ ಕುಳಿತ ಭಂಗಿಯಲ್ಲಿದ್ದರೆ, ಸುತ್ತ ವಿಭೂತಿ, ರುದ್ರಾಕ್ಷಿ, ಲಿಂಗದಂಥವು ಕಂಡರೆ ಅದು ಯಾರೋ ಶರಣರ, ಸನ್ಯಾಸಿಗಳ ಸಮಾಧಿ ಆಗಿರುವ ಸಾಧ್ಯತೆ ದೊಡ್ಡದು. ನಮ್ಮಲ್ಲಿ ಎಷ್ಟೋ ಗವಿಗಳು ಗದ್ದುಗೆಗಳು. ಹತ್ತಿರದ ಊರಿನ ಹಿರಿಯರಿಗೆ, ಮಠಕ್ಕೆ ಅದರ ಬಗ್ಗೆ ಗೊತ್ತಿರುತ್ತದೆ. ಆದರೂ ಮುಂದಿನ ಹಂತಗಳು ಬದಲಾಗುವುದಿಲ್ಲ.

3. ಇದ್ದ ಹಾಗೆಯೇ ದಾಖಲಿಸಿ

ಬೇಕಾದದ್ದು: ಫೋನು, ಟಾರ್ಚು, ಪೆನ್ನು-ಕಾಗದ. ಅಳತೆಗೆ ಏನೂ ಇಲ್ಲದಿದ್ದರೆ ಹತ್ತು ರೂಪಾಯಿ ನಾಣ್ಯ ಸಾಕು. ಅದರ ಅಡ್ಡಳತೆ 27 ಮಿಲಿಮೀಟರ್. ನಾಣ್ಯವನ್ನು ಮೂಳೆಯ ಮೇಲಿಡದೆ, ತಾಗಿಸದೆ, ಪಕ್ಕದಲ್ಲಿಡಿ. ಫೋಟೊ ದೂರದಿಂದ ಹತ್ತಿರಕ್ಕೆ ಬರಲಿ: ಮೊದಲು ಬೆಟ್ಟ ಮತ್ತು ಗವಿಯ ಬಾಯಿ, ಆಮೇಲೆ ಒಳಗಿನ ನೋಟ, ಕೊನೆಗೆ ಮೂಳೆ. ಬರೀ ಮೂಳೆಯ ಹತ್ತಿರದ ಚಿತ್ರ ನೂರಿದ್ದರೂ ಎಲ್ಲಿಯದೆಂದು ಹೇಳಲಾಗದು.

ಗವಿಯೊಳಗೆ ಜಿಪಿಎಸ್ ಕೆಲಸ ಮಾಡುವುದಿಲ್ಲ. ಹೊರಗೆ, ಗವಿಯ ಬಾಯಲ್ಲಿ ನಿಂತು ಮ್ಯಾಪ್‌ನಲ್ಲಿ ಗುರುತು ಹಾಕಿ, ಅಕ್ಷಾಂಶ-ರೇಖಾಂಶದ ಅಂಕಿ ಬರೆದುಕೊಳ್ಳಿ. ಅಲ್ಲಿಂದ ಒಳಗೆ ಯಾವ ಕಡೆಗೆ, ಎಷ್ಟು ಹೆಜ್ಜೆ ಎಂಬುದನ್ನೂ ಬರೆಯಿರಿ. ಬಂದ ದಾರಿಯಲ್ಲೇ, ಇಟ್ಟ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು ವಾಪಸಾಗಿ. ತಾರೀಖು, ಹೊತ್ತು, ಜೊತೆಗಿದ್ದವರ ಹೆಸರು ಬೇಕು.

ಆ ಚಿತ್ರಗಳನ್ನು ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ, ಫೇಸ್‌ಬುಕ್ಕಿಗೆ ಹಾಕಬೇಡಿ. ಹಳೆಯ ಸಮಾಧಿಯೆಂದರೆ ನಿಧಿಯೆಂದು ಓಡಿಬರುವವರು ನಮ್ಮಲ್ಲಿ ಕಡಿಮೆಯಿಲ್ಲ. ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನೇ 2019ರ ಜುಲೈಯಲ್ಲಿ ಒಡೆದು ಹಾಕಿದ್ದನ್ನು ಕಂಡಿದ್ದೇವೆ. ಚಿತ್ರದಲ್ಲಿ ಜಾಗದ ಹೆಸರು ಬರೆಯದಿದ್ದರೂ ಹಿನ್ನೆಲೆಯ ಬಂಡೆಯನ್ನು ಊರವರು ಗುರುತು ಹಿಡಿಯುತ್ತಾರೆ. ಇನ್ನೊಂದು ಸಂಕಟವೂ ಇದೆ. ಆ ಮೂಳೆ ಕಾಣೆಯಾದ ಯಾರದೋ ಮಗನದ್ದೋ ಮಗಳದ್ದೋ ಆಗಿದ್ದರೆ, ಅವರ ಮನೆಯವರಿಗೆ ಸುದ್ದಿ ಮುಟ್ಟುವುದು ನಿಮ್ಮ ಸ್ಟೇಟಸ್‌ನಿಂದಲೇ?

4. ಮೊದಲು ಪೊಲೀಸರಿಗೆ, ಯಾವಾಗಲೂ

"ಇದು ನೋಡಿದರೇ ಪುರಾತನ, ಪುರಾತತ್ವ ಇಲಾಖೆಗೇ ಹೇಳುತ್ತೇನೆ" ಎನ್ನಬೇಡಿ. ಮೂಳೆ ಎಷ್ಟೇ ಹಳೆಯದಾಗಿ ಕಂಡರೂ ಮೊದಲ ಮಾತು ಪೊಲೀಸರಿಗೆ. 112ಕ್ಕೆ ಕರೆ ಮಾಡಬಹುದು, ಅಥವಾ ಗವಿ ಇರುವ ಜಾಗದ ಠಾಣೆಗೆ ನೇರ ಹೋಗಬಹುದು. ಅದು ಯಾವ ಠಾಣೆಯ ಸರಹದ್ದೆಂದು ಗೊತ್ತಾಗದಿದ್ದರೆ ಯಾವ ಠಾಣೆಯಲ್ಲಾದರೂ ಹೇಳಿ. ಸರಹದ್ದು ಅವರು ನೋಡಿಕೊಳ್ಳಬೇಕು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದದ್ದು) ಕಲಂ 33ರ ಪ್ರಕಾರ ಕೊಲೆಯಂಥ ಕೆಲವು ಗಂಭೀರ ಅಪರಾಧಗಳ ಬಗ್ಗೆ ತಿಳಿದವರು ಪೊಲೀಸರಿಗೆ ಅಥವಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕಾದದ್ದು ಕರ್ತವ್ಯ. ಕಲಂ 194 ಅಸಹಜ ಸಾವಿನ ವಿಚಾರಣೆಗೆ ಸಂಬಂಧಿಸಿದ್ದು. ಠಾಣೆಯಲ್ಲಿ "ಯುಡಿಆರ್ ಆಗಿದೆ" ಎನ್ನುತ್ತಾರಲ್ಲ, ಅಸ್ವಾಭಾವಿಕ ಮರಣ ವರದಿ, ಅದು ಇದರಡಿಯೇ. ಯುಡಿಆರ್ ಎಂದರೆ ಯಾರ ಮೇಲೋ ಕೊಲೆ ಕೇಸು ಬಿತ್ತು ಎಂದಲ್ಲ. ಸಾವಿನ ಕಾರಣ ಹುಡುಕಲು ಕಡತ ತೆರೆದರು ಎಂದಷ್ಟೇ.

ಭಾರತೀಯ ನ್ಯಾಯ ಸಂಹಿತೆಯ ಮೂರು ಕಲಂಗಳು ನಿಮಗೆ ಗೊತ್ತಿರಬೇಕು. 238: ಅಪರಾಧಿಯನ್ನು ಉಳಿಸಲೆಂದು ಸಾಕ್ಷ್ಯ ಇಲ್ಲವಾಗಿಸುವುದು. 301: ಇತರರ ಭಾವನೆಗೆ ನೋವುಂಟುಮಾಡುವ ಉದ್ದೇಶದಿಂದ ಸಮಾಧಿ ಸ್ಥಳಕ್ಕೆ ಅತಿಕ್ರಮವಾಗಿ ನುಗ್ಗುವುದು ಅಥವಾ ಶವಕ್ಕೆ ಅಗೌರವ ತೋರುವುದು. 315: ಸತ್ತವರ ಬಳಿಯಿದ್ದ ವಸ್ತುವನ್ನು ಅಪ್ರಾಮಾಣಿಕವಾಗಿ ಲಪಟಾಯಿಸುವುದು. ಮೂಳೆಯ ಬೆರಳಿನಲ್ಲಿದ್ದ ಉಂಗುರ "ನೆನಪಿಗೆ" ತಂದವರಿಗೆ ಈ ಕೊನೆಯದು ತಗಲಬಹುದು. ನಾಣ್ಯ, ಆಭರಣ ಜೊತೆಗಿದ್ದರೆ 1962ರ ಕರ್ನಾಟಕ ನಿಧಿ ಕಾಯ್ದೆಯೂ ಬರುತ್ತದೆ. ಸಿಕ್ಕ ನಿಧಿಯ ಬಗ್ಗೆ ಜಿಲ್ಲಾಧಿಕಾರಿಗೆ ತಿಳಿಸಬೇಕು.

ಜಾಗ ಕಾಡಿನೊಳಗಿದ್ದರೆ ಅರಣ್ಯ ಇಲಾಖೆಗೂ ತಿಳಿಸಬೇಕಾಗುತ್ತದೆ. ಅನುಮತಿಯಿಲ್ಲದೆ ಹೋಗಿದ್ದೆವು ಎಂಬ ಅಳುಕಿನಲ್ಲಿ ಜನ ಜಾಗವನ್ನೇ ಸುಳ್ಳು ಹೇಳುತ್ತಾರೆ. ಅತಿಕ್ರಮ ಪ್ರವೇಶದ ದಂಡ ಕಟ್ಟಿ ಮುಗಿಯುತ್ತದೆ, ಸುಳ್ಳು ಜಾಗದ ತೊಡಕು ಅಷ್ಟು ಸುಲಭಕ್ಕೆ ಮುಗಿಯುವುದಿಲ್ಲ. 2025ರ ಜುಲೈಯಲ್ಲಿ ಧರ್ಮಸ್ಥಳ ಪ್ರಕರಣದ ದೂರುದಾರ ಬೆಳ್ತಂಗಡಿಯ ನ್ಯಾಯಾಲಯಕ್ಕೆ ತಲೆಬುರುಡೆಯೊಂದನ್ನು ತಂದೊಪ್ಪಿಸಿದ್ದು, ಆ ಬುರುಡೆ ಎಲ್ಲಿಯದು ಎಂಬುದೇ ಮುಂದೆ ತನಿಖೆಯ ದೊಡ್ಡ ಪ್ರಶ್ನೆಯಾದದ್ದು, ಆಗಸ್ಟ್‌ನಲ್ಲಿ ದೂರುದಾರನೇ ಬಂಧನಕ್ಕೊಳಗಾದದ್ದು ಎಲ್ಲರಿಗೂ ನೆನಪಿದೆ. ಆ ಪ್ರಕರಣದಲ್ಲಿ ಯಾರು ಸರಿ ಎಂಬುದು ನ್ಯಾಯಾಲಯಕ್ಕೆ ಬಿಟ್ಟದ್ದು. ನಮಗೆ ಬೇಕಾದ ಮಾತು ಇಷ್ಟು: ಎತ್ತಿ ತಂದ ಬುರುಡೆ ತಾನೆಲ್ಲಿತ್ತೆಂದು ತಾನೇ ಹೇಳಲಾರದು.

5. ಮಹಜರಿಗೆ ಹೋಗಿ, ಕಾಗದ ಪಡೆಯಿರಿ

ಪೊಲೀಸರು ನಿಮ್ಮನ್ನು ಜಾಗ ತೋರಿಸಲು ಕರೆಯುತ್ತಾರೆ. ಹೋಗಿ. ಅಲ್ಲಿ ಸ್ಥಳ ಮಹಜರು, ಎಂದರೆ ಪಂಚರ ಎದುರು ಕಂಡದ್ದನ್ನು ಕಂಡಂತೆ ಬರೆಯುವ ದಾಖಲೆ, ಆಗುತ್ತದೆ. ಸಹಿ ಮಾಡುವ ಮುನ್ನ ಓದಿಸಿಕೊಳ್ಳಿ. "ಮೂಳೆಯನ್ನು ಮುಟ್ಟಿಲ್ಲ" ಅಥವಾ "ಇಂಥದ್ದನ್ನು ಮುಟ್ಟಿದ್ದೆ" ಎಂಬುದು ಸರಿಯಾಗಿ ಬರೆದಿದೆಯೇ ನೋಡಿ. ಮುಟ್ಟಿದ್ದರೆ ಹೇಳುವುದೇ ಕ್ಷೇಮ. ನಿಮ್ಮ ಡಿಎನ್‌ಎ ಅದರ ಮೇಲೆ ಸಿಕ್ಕಾಗ ವಿವರಿಸುವುದಕ್ಕಿಂತ ಈಗಲೇ ಹೇಳುವುದು ಸುಲಭ. ಹೂತಿರುವುದನ್ನು ಅಗೆದು ತೆಗೆಯಬೇಕಾದರೆ ಮ್ಯಾಜಿಸ್ಟ್ರೇಟರ ಸಮ್ಮುಖ ಬೇಕು. ನಮ್ಮಲ್ಲಿ ಸಾಮಾನ್ಯವಾಗಿ ತಹಶೀಲ್ದಾರರೋ ಉಪವಿಭಾಗಾಧಿಕಾರಿಗಳೋ ಬರುತ್ತಾರೆ.

ಮಾಹಿತಿ ಕೊಟ್ಟದ್ದಕ್ಕೆ ಸ್ವೀಕೃತಿ ಅಥವಾ ಹಿಂಬರಹ ಕೇಳಿ ಪಡೆಯಿರಿ. "ಹಳೇ ಎಲುಬು ಬಿಡಿ ಸಾರ್" ಎಂದು ಸಾಗಹಾಕಿದರೆ ಅದೇ ವಿವರವನ್ನು ಬರೆದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ನೋಂದಾಯಿತ ಅಂಚೆಯಲ್ಲಿ ಕಳಿಸಿ, ಪ್ರತಿಯೊಂದನ್ನು ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಮೈಸೂರಿನ ಕಚೇರಿಗೆ ಹಾಕಿ. ಗವಿ ಕೇಂದ್ರದ ಸಂರಕ್ಷಿತ ಸ್ಮಾರಕದ ಒಳಗಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ವೃತ್ತ ಕಚೇರಿ; ರಾಜ್ಯದಲ್ಲಿ ಬೆಂಗಳೂರು, ಧಾರವಾಡ, ಹಂಪಿ ಎಂದು ಮೂರಿವೆ.

6. ಮನೆಯಲ್ಲೇ ಇದ್ದರೆ: ಮೊದಲು ನೆನಪನ್ನು ಬರೆಸಿ

ಈ ಹಂತವನ್ನು ಯಾರೂ ಮಾಡುವುದಿಲ್ಲ, ಅದಕ್ಕೇ ಇದನ್ನು ತುಸು ಉದ್ದ ಬರೆಯುತ್ತಿದ್ದೇನೆ. ಪೆಟ್ಟಿಗೆ ತೆರೆಯುವ ಮುಂಚೆ, ಅದರ ಬಗ್ಗೆ ಗೊತ್ತಿರುವ ಮನೆಯ ಹಿರಿಯರನ್ನು ಕೂರಿಸಿಕೊಳ್ಳಿ. ಅವರು ಮುದುಕರಾಗುತ್ತಿದ್ದಾರೆ, ಬುರುಡೆ ಇನ್ನೂ ನೂರು ವರ್ಷ ಕಾಯುತ್ತದೆ, ಅವರ ನೆನಪು ಕಾಯುವುದಿಲ್ಲ. ಅವರು ಒಪ್ಪಿದರೆ ಫೋನಿನಲ್ಲಿ ದನಿ ಮುದ್ರಿಸಿಕೊಳ್ಳಿ.

ಪ್ರಶ್ನೆಗಳನ್ನು ಬಾಯಿಗೆ ತುರುಕುವಂತೆ ಕೇಳಬೇಡಿ. "ಆ ದೊಡ್ಡ ಬೆಟ್ಟದ ಗವಿಯಿಂದಲೇ ಅಲ್ವಾ ತಂದಿದ್ದು?" ಎಂದರೆ ಹೌದೆನ್ನುತ್ತಾರೆ. "ಎಲ್ಲಿಂದ ಬಂತು ಹೇಳಿ" ಎಂದು ಸುಮ್ಮನಿರಿ. ಇಸವಿ ನೆನಪಾಗದಿದ್ದರೆ ಆ ಹೊತ್ತಿಗೆ ಮನೆಯಲ್ಲಿ ಯಾರ ಮದುವೆಯಾಗಿತ್ತು, ಯಾವ ಬರಗಾಲ, ಕೆರೆ ಒಡೆದ ವರ್ಷದ ಹಿಂದೋ ಮುಂದೋ ಎಂದು ಕೇಳಿ. ಹಾಗೆ ಕೇಳಿದರೆ ಇಸವಿ ತಾನಾಗಿ ಹೊರಬರುತ್ತದೆ. ತಿಳಿಯಬೇಕಾದದ್ದು ಇವು: ಯಾವ ಗವಿ, ಊರವರು ಅದನ್ನು ಕರೆಯುವ ಹೆಸರೇನು, ಮೇಲೆಯೇ ಬಿದ್ದಿತ್ತೋ ಅಗೆದರೋ, ಒಂದೇ ಇತ್ತೋ ಉಳಿದದ್ದನ್ನು ಅಲ್ಲೇ ಬಿಟ್ಟರೋ, ಜೊತೆಗೆ ಮಡಕೆ, ಮಣಿ, ಬಟ್ಟೆ ಏನಿತ್ತು, ಅವು ಈಗ ಎಲ್ಲಿ, ಯಾಕೆ ತಂದರು, ಆಮೇಲೆ ಯಾರಾರ ಕೈಗೆ ಹೋಯಿತು. ಯಾಕೆ ತಂದರು ಎಂಬ ಪ್ರಶ್ನೆಗೆ ಮುಜುಗರದ ಉತ್ತರ ಬರಬಹುದು, ಮಾಟ-ಮಂತ್ರದ ಮಾತೂ ಬರಬಹುದು. ಬರೆದುಕೊಳ್ಳಿ, ತಿದ್ದಬೇಡಿ. ಗೊತ್ತಿಲ್ಲ ಎಂದರೆ ಗೊತ್ತಿಲ್ಲ ಎಂದೇ ಬರೆಯಿರಿ.

ಇಲ್ಲೊಂದು ಸಮಾಧಾನದ ಸಾಧ್ಯತೆಯೂ ಇದೆ. ಅಜ್ಜನೋ ದೊಡ್ಡಪ್ಪನೋ ವೈದ್ಯರಾಗಿದ್ದರೆ ಅದು ಗವಿಯದ್ದೇ ಅಲ್ಲದಿರಬಹುದು. ಹಿಂದೆ ವೈದ್ಯ ವಿದ್ಯಾರ್ಥಿಗಳು ಕಲಿಯಲು ನಿಜವಾದ ಮೂಳೆಗಳ ಸೆಟ್ ಕೊಳ್ಳುತ್ತಿದ್ದರು. ಭಾರತ 1985ರಲ್ಲಿ ನಿಷೇಧಿಸುವವರೆಗೂ ಇಲ್ಲಿಂದ ವಿದೇಶಗಳಿಗೂ ಅಸ್ಥಿಪಂಜರಗಳು ಹೋಗುತ್ತಿದ್ದವು. ಬುರುಡೆಯ ಮೇಲ್ಭಾಗ ಗರಗಸದಲ್ಲಿ ನೇರ ಕೊಯ್ದಿದ್ದರೆ, ದವಡೆಗೆ ಸ್ಪ್ರಿಂಗು, ಕೊಕ್ಕೆ, ಕೊರೆದ ತೂತು, ಶಾಯಿಯ ಅಂಕಿಗಳಿದ್ದರೆ ಅದು ಪಾಠದ ಮೂಳೆಯಾಗಿರುವ ಸಾಧ್ಯತೆ ಹೆಚ್ಚು. ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗವನ್ನು ಕೇಳಿ, ಅಲ್ಲಿಗೇ ಕೊಡುವ ದಾರಿ ಇರುತ್ತದೆ.

7. ಶುಚಿ ಮಾಡಬೇಡಿ, ಅಂಟಿಸಬೇಡಿ, ಕಾಗದದಲ್ಲಿಡಿ

ತೊಳೆಯುವುದು, ಎಣ್ಣೆ-ಅರಿಸಿನ ಸವರುವುದು, ವಾರ್ನಿಷ್ ಬಳಿಯುವುದು, ಬಿದ್ದ ಹಲ್ಲನ್ನು ಫೆವಿಕಾಲಿನಿಂದ ಕೂರಿಸುವುದು, ಒಂದೂ ಬೇಡ. ಅಂಟು, ವಾರ್ನಿಷ್, ಎಣ್ಣೆಗಳಲ್ಲಿ ಅವುಗಳದೇ ಕಾರ್ಬನ್ ಇರುವುದರಿಂದ, ಮೂಳೆಯ ಕಾರ್ಬನ್ ಅಳೆದು ಮಾಡುವ ಕಾಲನಿರ್ಣಯವನ್ನು ಅವು ಕೆಡಿಸಬಲ್ಲವು. ಕೈಗವಸು, ಮಾಸ್ಕ್ ಹಾಕಿಕೊಂಡು, ತೀರಾ ಬೇಕಾದಷ್ಟೇ ಮುಟ್ಟಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಒಣ ರಟ್ಟಿನ ಪೆಟ್ಟಿಗೆ, ಬಿಳಿ ಕಾಗದ ಅಥವಾ ಒಗೆದ ಹತ್ತಿ ಬಟ್ಟೆ ಸಾಕು. ಉದುರಿದ ಮಣ್ಣನ್ನು ಗುಡಿಸಿ ಎಸೆಯದೆ ಕಾಗದದ ಪೊಟ್ಟಣ ಕಟ್ಟಿಡಿ. ಗವಿಯ ಮಣ್ಣು ಅದು, ಜಾಗ ಹೊಂದಿಸಲು ನೆರವಾಗಬಹುದು.

ಹಳೆಯ ಸುತ್ತು ಕಾಗದ, ಪೆಟ್ಟಿಗೆ, ಚೀಟಿ ಎಸೆಯಲೇಬೇಡಿ. ಮೂಳೆಗೆ ಸುತ್ತಿದ ವೃತ್ತಪತ್ರಿಕೆಯ ತಾರೀಖು ಎಷ್ಟೋ ಸಲ ಅಜ್ಜನ ನೆನಪಿಗಿಂತ ಗಟ್ಟಿ ಸಾಕ್ಷಿ.

8. ಒಪ್ಪಿಸುವುದು

ಕಾನೂನು ಮುಖ್ಯವಾಗಿ ಕೇಳುವುದು ಮೂಳೆ ನಿಮ್ಮ ಕೈಗೆ ಹೇಗೆ ಬಂತು, ಬಂದ ಮೇಲೆ ನೀವೇನು ಮಾಡಿದಿರಿ ಎಂದು. ಹಿರಿಯರು ತಂದದ್ದನ್ನು ತಿಳಿದ ಕೂಡಲೇ ನೀವಾಗಿ ಬಂದು ಹೇಳುವುದಕ್ಕೂ, ಮಾರಲು ಹೋಗಿ ಸಿಕ್ಕಿಬೀಳುವುದಕ್ಕೂ ಅಜಗಜಾಂತರ. ನೀವೇ ಅಗೆದು ತಂದದ್ದಾದರೆ, ಅಥವಾ ಇತ್ತೀಚಿನ ಸಾವಿನ ಸಂಶಯವಿದ್ದರೆ, ಮೊದಲು ವಕೀಲರನ್ನು ಕಾಣಿ. ಹಣವಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, ಸಹಾಯವಾಣಿ 15100. ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ.

ಠಾಣೆಗೆ ಪೆಟ್ಟಿಗೆ ಹೊತ್ತುಕೊಂಡು ಹೋಗಬೇಡಿ. ಬಸ್ಸಿನಲ್ಲಿ, ಚೆಕ್‌ಪೋಸ್ಟಿನಲ್ಲಿ ಯಾರಾದರೂ ತೆರೆಸಿದರೆ ವಿವರಿಸುವುದು ಕಷ್ಟ. ಪತ್ರ ಕೊಟ್ಟು, ಅವರೇ ಮನೆಗೆ ಬಂದು ಮಹಜರು ಮಾಡಿ ಒಯ್ಯುವಂತೆ ಕೇಳಿ. ಪತ್ರ ಹೀಗಿದ್ದರೆ ಸಾಕು:

"ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಅವರಿಗೆ. ವಿಷಯ: ನಮ್ಮ ಮನೆಯಲ್ಲಿರುವ ಮಾನವ ಅಸ್ಥಿ ಎಂದು ತೋರುವ ಅವಶೇಷದ ಬಗ್ಗೆ ಮಾಹಿತಿ. ನಮ್ಮ (ಸಂಬಂಧ) ದಿವಂಗತ (ಹೆಸರು) ಅವರು ಸುಮಾರು (ಇಸವಿ)ಯಲ್ಲಿ (ಗವಿ, ಊರು, ತಾಲ್ಲೂಕು) ಎಂಬಲ್ಲಿಂದ ತಂದದ್ದೆಂದು ಮನೆಯ ಹಿರಿಯರು ಹೇಳುವ (ವಿವರ) ನಮ್ಮ ಮನೆಯಲ್ಲಿದೆ. ಇದು (ತಾರೀಖು)ರಂದು ನನ್ನ ಗಮನಕ್ಕೆ ಬಂದಿದೆ. ಹಿರಿಯರ ಹೇಳಿಕೆ, ಫೋಟೊಗಳನ್ನು ಲಗತ್ತಿಸಿದ್ದೇನೆ. ಅವಶೇಷವನ್ನು ತೊಳೆದಿಲ್ಲ, ಬದಲಿಸಿಲ್ಲ. ದಯವಿಟ್ಟು ಸ್ಥಳಕ್ಕೆ ಬಂದು ಮಹಜರು ಮಾಡಿ ವಶಕ್ಕೆ ಪಡೆದು, ತಜ್ಞರ ಪರೀಕ್ಷೆಗೆ ಒಳಪಡಿಸಬೇಕು. ಪ್ರಾಚೀನವೆಂದು ಕಂಡುಬಂದರೆ ಪುರಾತತ್ವ ಇಲಾಖೆಗೆ ತಿಳಿಸಬೇಕು. ಇದರ ಸ್ವೀಕೃತಿ ನೀಡಬೇಕಾಗಿ ವಿನಂತಿ."

ಎರಡು ಪ್ರತಿ ಮಾಡಿ, ಒಂದರ ಮೇಲೆ ಠಾಣೆಯ ಮೊಹರು ಹಾಕಿಸಿಕೊಳ್ಳಿ. "ಗೊತ್ತಿಲ್ಲ" ಎಂಬ ಜಾಗದಲ್ಲಿ ಕಥೆ ತುಂಬಬೇಡಿ.

ಆನ್‌ಲೈನಿನಲ್ಲಿ ಮಾರುವ, ವಿದೇಶದಲ್ಲಿರುವ ಮಗನ ಕೈಯಲ್ಲಿ "ಅಲ್ಲಿ ಟೆಸ್ಟ್ ಮಾಡಿಸು" ಎಂದು ಕಳಿಸುವ ಯೋಚನೆ ಬಿಡಿ. ಗುಹೆಯಿಂದ ಬೇರ್ಪಡಿಸಿದ, ನೂರು ವರ್ಷಕ್ಕೆ ಮೇಲ್ಪಟ್ಟ ವಸ್ತು 1972ರ ಪುರಾವಸ್ತು ಕಾಯ್ದೆಯ ವ್ಯಾಖ್ಯೆಯೊಳಗೆ ಬರುತ್ತದೆ. ಅಂಥದ್ದನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಅಲ್ಲಿನ ಗುಹೆಯಲ್ಲಿ ಮೂಳೆ ಕಂಡರೂ ಮೊದಲ ಕರೆ ಅಲ್ಲಿನ ಪೊಲೀಸರಿಗೇ. ಅಲ್ಲಿನ ಕೇಂದ್ರ ಸರ್ಕಾರದ ಮತ್ತು ಬುಡಕಟ್ಟುಗಳ ಭೂಮಿಯಲ್ಲಿ ಸಿಗುವ ಮೂಲನಿವಾಸಿಗಳ ಅವಶೇಷಕ್ಕೆ 1990ರಿಂದ ಪ್ರತ್ಯೇಕ ಕಾಯ್ದೆಯೇ ಇದೆ.

ಆಮೇಲೆ ಏನಾಗುತ್ತದೆ

ಮೂಳೆ ಸರ್ಕಾರಿ ಆಸ್ಪತ್ರೆಯ ನ್ಯಾಯವೈದ್ಯಶಾಸ್ತ್ರ ವಿಭಾಗಕ್ಕೆ, ಅಗತ್ಯವಿದ್ದರೆ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತದೆ. ಮೊದಲು ಮನುಷ್ಯರದ್ದೇ ಎಂಬುದು, ಆಮೇಲೆ ಸೊಂಟದ ಮೂಳೆಯಿಂದ ಗಂಡೋ ಹೆಣ್ಣೋ, ಹಲ್ಲು ಮತ್ತು ಮೂಳೆಯ ಬೆಸುಗೆಯಿಂದ ವಯಸ್ಸು, ತೊಡೆಮೂಳೆಯಿಂದ ಎತ್ತರ. ಬುರುಡೆಯೊಂದೇ ಇದ್ದರೆ ಇವುಗಳಲ್ಲಿ ಕೆಲವು ಅಂದಾಜಿನಲ್ಲೇ ಉಳಿಯುತ್ತವೆ. ಡಿಎನ್‌ಎ ತೆಗೆಯಲು ದವಡೆ ಹಲ್ಲು ಅಥವಾ ಒಳಗಿವಿಯನ್ನು ಸುತ್ತುವರಿದ ಗಟ್ಟಿ ಎಲುಬು ಒಳ್ಳೆಯದು. ನೀವು ಸಡಿಲ ಹಲ್ಲನ್ನು ಕಳೆಯಬಾರದು ಎನ್ನುವುದು ಇದಕ್ಕೇ.

ಎಷ್ಟು ಹಳೆಯದೆಂದು ತಿಳಿಯಲು ಕಾರ್ಬನ್-14 ಪರೀಕ್ಷೆ. ಜೀವವಿದ್ದಾಗ ದೇಹ ಸೇರಿದ ಈ ಬಗೆಯ ಕಾರ್ಬನ್ ಸತ್ತ ಮೇಲೆ ಸುಮಾರು 5,730 ವರ್ಷಕ್ಕೆ ಅರ್ಧವಾಗುತ್ತದೆ. ಹೆಚ್ಚೆಂದರೆ 50 ಸಾವಿರ ವರ್ಷದವರೆಗೆ ಅಳೆಯಬಹುದು. ಪೊಲೀಸರಿಗೆ ಇದರಲ್ಲಿ ಇನ್ನೊಂದು ಪ್ರಯೋಜನವಿದೆ. 1950-60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಹೆಚ್ಚುಕಡಿಮೆ ದುಪ್ಪಟ್ಟಾಗಿತ್ತು. ಆ ಗುರುತು ಮೂಳೆಯಲ್ಲಿದ್ದರೆ ಆ ಮನುಷ್ಯ ಬಾಂಬ್ ಕಾಲದಲ್ಲೋ ಆಮೇಲೋ ಬದುಕಿದ್ದವನು. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರ, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯಗಳಲ್ಲಿ ಈ ಅಳತೆಯ ಯಂತ್ರಗಳಿವೆ. ಪ್ರಾಚೀನ ಡಿಎನ್‌ಎಗೆ ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ (ಸಿಸಿಎಂಬಿ), ಲಖನೌದ ಬೀರಬಲ್ ಸಾಹ್ನಿ ಸಂಸ್ಥೆ. ಮೈಸೂರಿನಲ್ಲೇ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ಪ್ರಾದೇಶಿಕ ಕೇಂದ್ರವಿದೆ. ಇವೆಲ್ಲ ಖಾಸಗಿಯಾಗಿ ನೀವು ಹೋಗಿ ಮಾಡಿಸುವ ಪರೀಕ್ಷೆಗಳಲ್ಲ. ಇಲಾಖೆಗಳ ಮೂಲಕ ಹೋಗಬೇಕು. ತಿಂಗಳುಗಳೇ ಹಿಡಿಯಬಹುದು.

ಮನುಷ್ಯರ ಅಸ್ಥಿಪಂಜರಗಳಿರುವ ಹಿಮಾಲಯದ ರೂಪಕುಂಡ ಸರೋವರದಲ್ಲಿ ಏನಾಯಿತು ನೋಡಿ. ದಶಕಗಳ ಕಾಲ ಚಾರಣಿಗರು ಅಲ್ಲಿನ ಮೂಳೆಗಳನ್ನು ಎತ್ತಿಕೊಂಡು ಹೋದರು, ಸರಿಸಿ ಜೋಡಿಸಿ ಫೋಟೊ ತೆಗೆಸಿಕೊಂಡರು. 2019ರಲ್ಲಿ 38 ಜನರ ಡಿಎನ್‌ಎ ನೋಡಿದಾಗ ಎಲ್ಲರೂ ಒಂದೇ ದುರಂತದಲ್ಲಿ ಸತ್ತವರಲ್ಲವೆಂದು ತಿಳಿಯಿತು. ಒಂದು ಗುಂಪು ಸುಮಾರು ಕ್ರಿ.ಶ. 800ರ ಹೊತ್ತಿನದು, ಇನ್ನೊಂದು ಸುಮಾರು 1800ರದ್ದು, ಅದರ ಮೂಲ ಪೂರ್ವ ಮೆಡಿಟರೇನಿಯನ್ ಕಡೆಯದು. ಅವರು ಅಲ್ಲಿಗೇಕೆ ಬಂದರು ಎಂಬುದಕ್ಕೆ ಉತ್ತರ ಕೊಡಬಹುದಾಗಿದ್ದ ಪಕ್ಕದ ವಸ್ತುಗಳು, ಜೋಡಣೆ ಕಲಸಿಹೋಗಿವೆ.

ಕೊನೆಯದಾಗಿ ಸಂಸ್ಕಾರದ ಪ್ರಶ್ನೆ, ಇದನ್ನೂ ಬಹಳ ಜನ ಕೇಳುತ್ತಾರೆ. ಇಷ್ಟು ವರ್ಷ ಮನೆಯಲ್ಲಿದ್ದ ಜೀವಕ್ಕೆ ಏನಾದರೂ ಮಾಡಬೇಕೆಂಬ ಮನಸ್ಸು ಸಹಜ. ಒಪ್ಪಿಸುವ ಮುನ್ನ ದೀಪ ಹಚ್ಚಿ ಕೈಮುಗಿಯಿರಿ, ಅಡ್ಡಿಯಿಲ್ಲ. ಕುಂಕುಮ, ಎಣ್ಣೆ, ಹೂವನ್ನು ಮೂಳೆಗೆ ತಾಗಿಸಬೇಡಿ. ಸುಡುವುದು, ಹೂಳುವುದು, ಶ್ರೀರಂಗಪಟ್ಟಣಕ್ಕೋ ಗೋಕರ್ಣಕ್ಕೋ ಒಯ್ದು ಬಿಡುವುದು ನಿಮ್ಮ ಕೈಯಲ್ಲಿಲ್ಲ. ಅದು ಯಾರ ಮನೆಯವರೆಂದು ತಿಳಿಯದೆ ಯಾವ ವಿಧಿಯೆಂದು ಹೇಳುವುದಾದರೂ ಹೇಗೆ? ತನಿಖೆ ಮುಗಿದು ವಾರಸುದಾರರು ಸಿಕ್ಕರೆ ಅವರು ಮಾಡುತ್ತಾರೆ. ಯಾರೂ ಸಿಗದೆ, ಪ್ರಾಚೀನವೂ ಅಲ್ಲದಿದ್ದರೆ, ಅಂತಿಮ ವಿಲೇವಾರಿಯ ಸಮಯದಲ್ಲಿ ಹಾಜರಿರಲು ಬಯಸುತ್ತೇವೆಂದು ಠಾಣೆಗೆ ಮೊದಲೇ ಬರೆದು ಕೊಡಿ. ಯುಡಿಆರ್ ಸಂಖ್ಯೆಯನ್ನು ಆ ಪತ್ರದಲ್ಲಿ ಕಾಣಿಸುವುದನ್ನು ಮರೆಯಬೇಡಿ, ಅದಿಲ್ಲದೆ ಕಡತ ಹುಡುಕುವುದು ಅವರಿಗೂ ಕಷ್ಟ.